ಗಾಲಿಗೆ ಹಚ್ಚಿದ ಎಣ್ಣೆ

ಕೊಬ್ಬರಿ ಎಣ್ಣೆಯ ವಾಸನೆಗೆ ಯಾರಾದರೂ ಹೆದರುತ್ತಾರೆಯೇ ಎಂದು ಕೇಳಿದರೆ, ನಾನು ಹೆದರುತ್ತೇನೆ ಎಂದೇ ಹೇಳಬೇಕು. ತಲೆಗೆ ಹಚ್ಚಿಕೊಳ್ಳುವಾಗ ಏನೂ ಆಗುವುದಿಲ್ಲ. ಆದರೆ ಕಬ್ಬಿಣಕ್ಕೆ ಹಚ್ಚಿದ ಎಣ್ಣೆ ಬಿಸಿಲಿಗೆ ಕಾದು ಒಂದು ವಾಸನೆ ಬಿಡುತ್ತದಲ್ಲ, ಅದು ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ.

ಈ ಸಲ ಖಂಡೇ ಪೂಜೆಯ ದಿನ ಹಾಗೇ ಆಯಿತು. ಮಹಾನವಮಿಗೆ ಮನೆಯಲ್ಲಿರುವ ಕಬ್ಬಿಣವನ್ನೆಲ್ಲ ತೊಳೆದು ಒರೆಸಿ ಪೂಜೆಗಿಡುವುದು ನಮ್ಮ ಕಡೆಯ ಪದ್ಧತಿ. ಈಳಿಗೆ, ಕತ್ತರಿ, ಕೊಡಲಿ, ನನ್ನ ಹೊಲಿಗೆ ಯಂತ್ರ, ಮನೆಯವರ ಬೈಕು, ಎಲ್ಲವೂ ಅಂಗಳಕ್ಕೆ ಬರುತ್ತವೆ. ಕೊನೆಗೆ ಪಡಸಾಲೆಯ ಗೋಡೆಗೆ ಒರಗಿಸಿಟ್ಟ ಹಳೆಯ ಗುಡ್ಡದ ಸೈಕಲ್ಲೂ ಬರುತ್ತದೆ. ದಾಳಿಂಬೆ ಕೆಂಪು ಬಣ್ಣ, ಹಲ್ಲು ಹಲ್ಲಾದ ದಪ್ಪ ಟೈರು, ಹ್ಯಾಂಡಲ್ಲಿನ ಮೇಲೆ ಹೆಬ್ಬೆರಳಿನಿಂದ ಸರಿಸುವ ಗೇರಿನ ಕಡ್ಡಿ. ಉಳಿದ ಸಾಮಾನಿಗೆಲ್ಲ ಅರಿವೆಯ ಚೂರಿನಿಂದ ಎಣ್ಣೆ ಸವರಿ ಮಿಂಚಿಸುತ್ತೇನೆ. ಸೈಕಲ್ಲಿಗೆ ಮಾತ್ರ ಒಣ ಅರಿವೆ.

ಮಗಳು ಹಬ್ಬಕ್ಕೆಂದು ಹುನಗುಂದದಿಂದ ಬಂದಿದ್ದಳು. ಅಲ್ಲೊಂದು ಶಾಲೆಯಲ್ಲಿ ಟೀಚರು. ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು.

"ಅವ್ವಾ, ಎಲ್ಲಾದಕ್ಕೂ ಎಣ್ಣಿ ಹಚ್ತಿ, ಕಾಕಾನ ಸೈಕಲ್ಲಿಗೆ ಯಾಕ ಹಚ್ಚೂದಿಲ್ಲ? ಚೈನಿಗೆ ಜಂಗ ಹಿಡ್ಯಾಕತ್ತೈತಿ ನೋಡು," ಎಂದು ಬಾಟಲಿ ಎತ್ತಿಕೊಂಡು ಸೈಕಲ್ಲಿನ ಕಡೆ ನಡೆದಳು.

"ಮುಟ್ಟಬ್ಯಾಡ!"

ನನ್ನ ದನಿ ಅಷ್ಟು ಜೋರಾಗಿ ಹೊರಟೀತೆಂದು ನನಗೇ ಗೊತ್ತಿರಲಿಲ್ಲ. ಅವಳು ಬೆಚ್ಚಿದಳು. ಬಾಟಲಿ ಕೈಜಾರಿ, ಬಿಸಿಲಿಗೆ ಕಾದ ಕೊಡಲಿಯ ಮೇಲೆ ಎಣ್ಣೆ ಚೆಲ್ಲಿತು. ಆ ವಾಸನೆ ಎದ್ದಿತು...

ಕಾಕಾ ನಮ್ಮ ಬಾಜೂ ಮನೆಯವರು. ಎರಡು ಮನೆಗೂ ನಡುವೆ ಒಂದೇ ಗೋಡೆ. ಅವರ ಮಗ್ಗದ ಸದ್ದು ಶುರುವಾದರೆ ನಾನು ಒಲೆ ಹಚ್ಚುವ ಹೊತ್ತಾಯಿತು ಎಂದು ಅರ್ಥ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ರೊಟ್ಟಿ ತಾವೇ ಬಡಿದುಕೊಳ್ಳುತ್ತಿದ್ದರು. ಸೀದ ವಾಸನೆ ಗೋಡೆ ದಾಟಿ ಬಂದ ದಿನ ನಾನು ಎರಡು ರೊಟ್ಟಿ, ಒಂದಿಷ್ಟು ಪುಂಡಿ ಪಲ್ಯ ಕಳಿಸುತ್ತಿದ್ದೆ. "ನಿನ್ನ ರೊಟ್ಟಿ ಬರಲಿ ಅಂತ ಬೇಕಂತ ಸುಡ್ತೇನಿ ನೋಡವಾ," ಎನ್ನುತ್ತಿದ್ದರು.

ನಮ್ಮ ಇಳಕಲ್ ಸೀರೆಗೆ ಮೈ ಬೇರೆ, ಸೆರಗು ಬೇರೆ. ಮೈಯ ಒಂದೊಂದು ಎಳೆಗೂ ಸೆರಗಿನ ಒಂದೊಂದು ರೇಷ್ಮೆ ಎಳೆಯನ್ನು ಕೊಕ್ಕೆಯ ಹಾಗೆ ಸಿಕ್ಕಿಸಿ ಜೋಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಎನ್ನುತ್ತಾರೆ. ಹೆಬ್ಬೆರಳು, ತೋರುಬೆರಳು, ಇವೆರಡರ ನಡುವಿನ ಕೆಲಸ ಅದು. ಅದರಲ್ಲಿ ಕಾಕಾನ ಬಲಗೈಯಷ್ಟು ಚುರುಕಾದ ಕೈ ಓಣಿಯಲ್ಲಿ ಇನ್ನೊಂದಿರಲಿಲ್ಲ. ಬೇರೆ ನೇಕಾರರು ಕೊಂಡಿ ಹಾಕಿಸಲು ಅವರನ್ನು ಕರೆದುಕೊಂಡು ಹೋಗುತ್ತಿದ್ದರು.

ಆ ಕೈಗೆ ಸೈಕಲ್ಲಿನ ಹುಚ್ಚು ಹತ್ತಿದ್ದು ಬಾದಾಮಿಯಲ್ಲಿ. ಬನಶಂಕರಿಗೆ ಹುಣ್ಣಿಮೆಗೆ ಹೋದವರು ಬಾದಾಮಿಯ ಒಂದು ಲಾಡ್ಜಿನ ಹಿತ್ತಲಿನಲ್ಲಿ ಗಿಡದ ಕೆಳಗೆ ಬಿದ್ದ ಗುಡ್ಡದ ಸೈಕಲ್ಲೊಂದನ್ನು ನೋಡಿದರಂತೆ. ಬಂಡೆ ಹತ್ತಲು ಬರುವ ವಿದೇಶಿಯರಲ್ಲಿ ಯಾರೋ ಎಷ್ಟೋ ವರ್ಷದ ಹಿಂದೆ ಬಿಟ್ಟು ಹೋದದ್ದು. ತುಕ್ಕು ತಿಂದು ಕಂದಿತ್ತು, ಸೀಟಿನೊಳಗೆ ಇರುವೆ ಗೂಡು. ಕಾಕಾ ಅದನ್ನು ಕೇಳಿ ಇಸಿದುಕೊಂಡು ಬಸ್ಸಿನ ಮೇಲೆ ಹಾಕಿಕೊಂಡು ಬಂದರು. ಓಣಿಯ ಗಂಡಸರು ಕಟ್ಟೆಗೆ ಕೂತು ನಕ್ಕರು.

"ಕಾಕಾ, ಗುಡ್ಡಾ ಹತ್ತೂ ಸೈಕಲ್ ತಂದು ಏನ್ಮಾಡ್ತೀರಿ? ನಮ್ಮೂರಾಗ ಗುಡ್ಡ ಎಲ್ಲಿ ಉಳದಾವ? ಎಲ್ಲಾ ಕಡದು ಲಾರಿಗೆ ಹೇರ್ಯಾರ!"

"ಅದಕ್ಕಲೇ ಸೈಕಲ್ಲಾರ ಉಳೀಲಿ ಅಂತ ತಂದೇನಿ," ಎಂದರು ಕಾಕಾ.

ಆಮೇಲೆ ಬಾಗಲಕೋಟೆಯ ಗುಜರಿಯಿಂದ ಇನ್ನೊಂದು, ಎಲ್ಲಿಂದಲೋ ಮತ್ತೊಂದು. ನೇಯ್ಗೆ ಮುಗಿದ ಮೇಲಿನ ಹೊತ್ತೆಲ್ಲ ಅದಕ್ಕೇ. ಹಳೆಯದನ್ನು ಬಿಚ್ಚುವುದೇ ಒಂದು ತಪಸ್ಸು. ತುಕ್ಕು ಹಿಡಿದ ನಟ್ಟಿಗೆ ಸೀಮೆಎಣ್ಣೆ ಬಿಟ್ಟು ಮೂರು ದಿನ ಕಾಯುತ್ತಿದ್ದರು, ಬಡಿಯುತ್ತಿರಲಿಲ್ಲ. ನನ್ನ ಹಿತ್ತಾಳೆ ಪರಾತ ಇಸಿದುಕೊಂಡು ಹೋಗಿ ಗಾಲಿಯೊಳಗಿನ ಉಕ್ಕಿನ ಗುಂಡುಗಳನ್ನು ಅದರಲ್ಲಿ ಹರವಿ ಸಾಬೂದಾನಿ ಆರಿಸಿದ ಹಾಗೆ ಆರಿಸುತ್ತಿದ್ದರು. ಹೊಸ ಸಾಮಾನು ಹಾಕಿ ಓಡಿಸುವುದು ಅವರಿಗೆ ಸೇರದು. ಆ ಕಾಲದ ಸೈಕಲ್ಲಿಗೆ ಆ ಕಾಲದ್ದೇ ಗೇರಿನ ಕಡ್ಡಿ ಬೇಕೆಂದು ಒಂದು ವರ್ಷ ಕಾದರು. ಗಾಲಿ ನೆಟ್ಟಗೆ ಮಾಡುವಾಗ ಮಾತ್ರ ಯಾರೂ ಮಾತಾಡಬಾರದು. ಒಂದೊಂದೇ ತಂತಿಯನ್ನು ಬೆರಳಿನಿಂದ ಮೀಟಿ ಕಿವಿಗೊಟ್ಟು ಕೇಳುತ್ತಿದ್ದರು.

"ಎಳಿ ಸಡಿಲಾದ್ರ ಸೀರಿ ಜೋಲಾಡತೈತಿ, ತಂತಿ ಸಡಿಲಾದ್ರ ಗಾಲಿ ಜೋಲಾಡತೈತಿ. ಎರಡೂ ಒಂದ ವಿದ್ಯಾ," ಎಂದು ನನ್ನ ಮಗಳಿಗೆ ಹೇಳಿಕೊಡುತ್ತಿದ್ದರು. ಅವಳಾಗ ಕಾಲೇಜಿನ ಮೊದಲ ವರ್ಷ. ಪುಸ್ತಕ ಬಿಟ್ಟು ಹೋಗಿ ಗಾಲಿ ಹಿಡಿದು ಕೂಡುತ್ತಿದ್ದಳು. ನಾನು ಬೈದರೆ ಕಾಕಾ, "ಇರಲಿ ಬಿಡವಾ, ಓದಿದ್ದು ಮರೀತಾರ, ಕೈ ಕಲ್ತದ್ದು ಮರೆಯೂದಿಲ್ಲ," ಎನ್ನುತ್ತಿದ್ದರು.

ಎರಡು ವರ್ಷಕ್ಕೆ ಬಾದಾಮಿಯ ಸೈಕಲ್ಲು ತಯಾರಾಯಿತು. ಸೀರೆಯ ದಾಳಿಂಬೆ ಬಣ್ಣವನ್ನೇ ನೆನಪಿನಿಂದ ಕಲಸಿ ಹಚ್ಚಿದರು. ಸುದ್ದಿ ಲಾಡ್ಜಿನವರಿಗೆ ಮುಟ್ಟಿತು. ಅವರ ಹಿತ್ತಲಿನಲ್ಲಿ, ಮನೆಯ ಮಾಳಿಗೆಯ ಮೇಲೆ ಇಂಥವೇ ಇನ್ನೂ ಐದು ಬಿದ್ದಿದ್ದವಂತೆ. "ಇದನ್ನ ದಸರಾಕ್ಕ ಬಂದು ನೋಡ್ತೇನಿ. ಚಲೋ ಓಡಿತಂದ್ರ ಉಳಿದ ಐದೂ ನಿಮ್ಮ ಕೈಯಾಗ ಕೊಡ್ತೇನಿ. ಐಹೊಳಿ, ಪಟ್ಟದಕಲ್ಲ ನೋಡಾಕ ಬರೂ ಮಂದಿ ಹತ್ತಿ ಅಡ್ಡಾಡ್ಲಿ," ಎಂದು ಫೋನಿನಲ್ಲಿ ಹೇಳಿದರು. ಆ ಫೋನು ನಮ್ಮ ಮನೆಗೇ ಬಂದದ್ದು. ಇಟ್ಟ ಮೇಲೂ ಕಾಕಾ ಅದರ ಮೇಲಿನ ಕೈ ತೆಗೆಯಲಿಲ್ಲ.

"ನೇಯ್ದ ಸೀರಿ ಯಾರಾರ ಉಡಬೇಕವಾ, ಕಟ್ಟಿದ ಸೈಕಲ್ ಓಡಬೇಕು. ಗೋಡಿಗೆ ಆನಿಸಿ ಇಡಾಕಲ್ಲ," ಎಂದರು. ಕಣ್ಣು ತುಂಬಿದ್ದವು.

ಇಲ್ಲಿ ನನ್ನ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಹೆಚ್ಚು ಓದಿದವಳಲ್ಲ, ದುಡಿಯಲು ಹೊರಗೆ ಹೋದವಳಲ್ಲ. ಬನಶಂಕರಿ ತಾಯಿಯ ಮುಂದೆ ಸಂಜೆ ದೀಪ ಹಚ್ಚಿ, ಅವತ್ತು ತಾಯಿ ಮಾಡಿದ ಉಪಕಾರಗಳನ್ನು ಬೆರಳು ಮಡಚಿ ಎಣಿಸುತ್ತೇನೆ. ನಳದ ನೀರು ಬಂತು, ಒಂದು. ಮನೆಯವರು ಕಲ್ಲು ಪಾಲಿಶ್ ಕಾರ್ಖಾನೆಯಿಂದ ಕೈಕಾಲು ಸುರಕ್ಷಿತ ಬಂದರು, ಎರಡು. ಹೀಗೆ. ಓಣಿಯಲ್ಲಿ ನನಗೆ ಒಂದೇ ಒಂದು ಹೆಸರಿತ್ತು. "ಆಕೀ ಕೈಗುಣ ಚಲೋ ಐತಿ." ಹೊಸ ಒಲೆಗೆ ಮೊದಲ ಬೆಂಕಿ, ಹೊಸ ಮಗ್ಗಕ್ಕೆ ಮೊದಲ ಕುಂಕುಮ, ಬಸುರಿಯರಿಗೆ ಉಡಿ ತುಂಬುವುದು, ಎಲ್ಲಕ್ಕೂ ನನ್ನನ್ನೇ ಕರೆಯುತ್ತಿದ್ದರು. ಅದರ ಹೆಮ್ಮೆ ನನಗಿತ್ತು. ಸುಳ್ಳು ಯಾಕೆ ಹೇಳಲಿ.

ಆ ವರ್ಷದ ಮಹಾನವಮಿಗೆ ನಾನೇ ಕಾಕಾನಿಗೆ ಹೇಳಿದೆ. "ನಿಮ್ಮನ್ಯಾಗ ಹೆಣಮಕ್ಕಳಿಲ್ಲ, ಸೈಕಲ್ ನಮ್ಮ ಅಂಗಳಕ್ಕ ತಂದಿಡ್ರಿ. ನಮ್ಮ ಸಾಮಾನಿನ ಸಂಗಾಟ ಪೂಜಿ ಮಾಡ್ತೇನಿ."

"ನಿನ್ನ ಕೈಲೆ ಪೂಜಿ ಆದ್ರ ಇನ್ನೇನ್ ಬೇಕವಾ," ಎಂದು ತಂದು ನಿಲ್ಲಿಸಿದರು. ಹಿಂದಿನ ದಿನವಷ್ಟೇ ಅದರ ಬ್ರೇಕನ್ನು ಇಪ್ಪತ್ತು ಸಲ ಹಿಡಿದು ಬಿಟ್ಟು ನೋಡಿದ್ದರು. ಗೋಡೆಯಾಚೆಯಿಂದ ಆ ಕಟಕ್ ಕಟಕ್ ಸದ್ದು ನಾನೇ ಕೇಳಿದ್ದೆ.

ಪೂಜೆಗೆ ಮೊದಲು ಎಲ್ಲ ಒರೆಸುತ್ತ ಬಂದೆ. ಗಾಲಿಯ ಸುತ್ತಿನ ಕಬ್ಬಿಣದ ರಿಮ್ಮಿನ ಮೇಲೆ ಸಣ್ಣ ಸಣ್ಣ ತುಕ್ಕಿನ ಚುಕ್ಕೆ ಕಂಡವು. ಪಾಪ, ಕಾಕಾನ ಕಣ್ಣಿಗೆ ಬಿದ್ದಿಲ್ಲ ಎಂದುಕೊಂಡೆ. ಈಳಿಗೆಗೆ ಎಣ್ಣೆ ಒಳ್ಳೆಯದು, ಹೊಲಿಗೆ ಯಂತ್ರಕ್ಕೆ ಒಳ್ಳೆಯದು, ಕಬ್ಬಿಣ ಅಂದ ಮೇಲೆ ಸೈಕಲ್ಲಿಗೆ ಕೆಟ್ಟದ್ದು ಹೇಗಾದೀತು? ಅರಿವೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಚೆನ್ನಾಗಿ ತೋಯಿಸಿ, ಎರಡೂ ಗಾಲಿಯನ್ನು ತಿರುಗಿಸುತ್ತ ಸುತ್ತಲೂ ತಿಕ್ಕಿದೆ. ಕನ್ನಡಿಯ ಹಾಗೆ ಮಿಂಚಿತು. ಆಮೇಲೆ ವಿಭೂತಿ, ಕುಂಕುಮ, ಚೆಂಡು ಹೂವಿನ ಮಾಲೆ. ಆರತಿ ಬೆಳಗುವಾಗ ನನ್ನ ಮನಸ್ಸಿನಲ್ಲಿ ಒಂದೇ ಬೇಡಿಕೆ ಇತ್ತು. ತಾಯಿ, ಬಾದಾಮಿಯವರು ಒಪ್ಪಲಿ.

ಮಾರನೇ ದಿನ, ಬನ್ನಿ ಕೊಡುವ ದಿನ ಬೆಳಿಗ್ಗೆ ಕಾಕಾ ಬಂದರು. ಲಾಡ್ಜಿನವರು ಮಧ್ಯಾಹ್ನ ಬರುವವರಿದ್ದರು. ಅದಕ್ಕೆ ಮೊದಲು ಮಗಳಿಗೆ ಮೊದಲ ಸವಾರಿ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಹಳೆಯ ಕಲ್ಲುಗಣಿಯ ಇಳಿಜಾರಿಗೆ ಹೋಗುವುದು ಎಂದು ಗೊತ್ತಾಗಿತ್ತು. ಅವರು ಕಟ್ಟಿದ ಎಲ್ಲ ಸೈಕಲ್ಲೂ ಅಲ್ಲೇ ಮೊದಲು ಇಳಿದದ್ದು. "ಸಪಾಟ ದಾರ್ಯಾಗ ಎಲ್ಲಾ ಸೈಕಲ್ಲೂ ಒಳ್ಳೇವ. ಬ್ರೇಕ್ ಖರೆ ಐತೋ ಇಲ್ಲೋ ಅನ್ನೂದು ಇಳಿಜಾರಿನ್ಯಾಗ ತಿಳೀತೈತಿ," ಎನ್ನುತ್ತಿದ್ದರು.

ಸೈಕಲ್ಲು ನೋಡಿ, "ಭಾಳ ಮಿಂಚಾಕತ್ತೈತೆಲ್ಲವಾ!" ಎಂದರು.

"ಹೂವು ವಿಭೂತಿ ತಗೀಬ್ಯಾಡ್ರಿ ಮತ್ತ. ಬನ್ನಿ ಕೊಡೂತನಾ ಹಂಗ ಇರಲಿ," ಎಂದೆ ನಾನು.

"ನಿನ್ನ ಪೂಜಿ ನಾ ಯಾಕ ಅಳಸಲಿ," ಎಂದು ಒಂದು ಹೂವನ್ನೂ ಅಲುಗಿಸದೆ ತಳ್ಳಿಕೊಂಡು ಹೋದರು. ಬೇರೆ ಯಾರಾದರೂ ಮುಟ್ಟಿದ್ದರೆ ಹತ್ತು ಸಲ ಒರೆಸಿ ನೋಡುವ ಮನುಷ್ಯ ಅದನ್ನು ಒರೆಸಲಿಲ್ಲ. ನಾನು ಪೂಜೆ ಮಾಡಿದ್ದೆ ಎಂಬ ಒಂದೇ ಕಾರಣಕ್ಕೆ.

ಅವರು, ಮಗಳು ಇಬ್ಬರೂ ಹೋಗಿ ಸ್ವಲ್ಪ ಹೊತ್ತಾಗಿತ್ತು. ಮನೆಯವರು ಅಂಗಳದಲ್ಲಿ ಚಹಾ ಕುಡಿಯುತ್ತ, ಮೂಲೆಯಲ್ಲಿ ಬಿದ್ದಿದ್ದ ಎಣ್ಣೆಯ ಅರಿವೆ ನೋಡಿದರು.

"ಎಣ್ಣಿ ಬಾಟಲಿ ಪೂರ್ತಿ ಖಾಲಿ ಮಾಡಿಯಲ್ಲ! ಯಾತಕ್ಕ ಹಚ್ಚಿದಿ ಇಷ್ಟು?"

"ಎಲ್ಲಾದಕ್ಕೂ. ಕಾಕಾನ ಸೈಕಲ್ಲಿನ ಗಾಲಿಗೂ ಹಚ್ಚೇನಿ. ಹ್ಯಾಂಗ ಮಿಂಚತಿತ್ತು ನೋಡಿಲ್ಲೇನು?"

ಅವರ ಕೈಯಲ್ಲಿದ್ದ ಬಟ್ಟಲು ಬಾಯಿಯ ಹತ್ತಿರವೇ ನಿಂತಿತು.

"ಗಾಲಿಗಂದ್ರ? ರಿಮ್ಮಿಗೇನು?"

"ಹೂಂ... ಸುತ್ತೂ ಕಡೆ."

"ಹುಚ್ಚೀ, ಬ್ರೇಕಿನ ರಬ್ಬರು ಅಲ್ಲೇ ಹಿಡೀತೈತಿ! ಎಣ್ಣಿ ಇದ್ರ ಹ್ಯಾಂಗ ಹಿಡೀತೈತಿ? ಜಾರತೈತಿ ಅದು!"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕಣ್ಣ ಮುಂದೆ ಬಂದದ್ದು ಗಣಿಯ ಇಳಿಜಾರು. ಲಾರಿಗಳು ಇಳಿಯಲೆಂದು ಮಾಡಿದ ಕಡಿದಾದ ದಾರಿ. ಕೆಳಗೆ ಒಮ್ಮೆಲೇ ಎಡಕ್ಕೆ ತಿರುವು. ತಿರುವು ತಪ್ಪಿದರೆ ನೇರ ಮುಂದೆ ನೀರು ತುಂಬಿದ ಗಣಿಯ ಹೊಂಡ. ಎರಡು ಮೂರು ಆಳು ಆಳ. ಮಗಳಿಗೆ ಈಜು ಬರುವುದಿಲ್ಲ.

ಮಗಳ ಫೋನು ಒಳಗೆ ಚಾರ್ಜಿಗೆ ಇತ್ತು. ಕಾಕಾನ ಬಳಿ ಫೋನೇ ಇರಲಿಲ್ಲ. ಮನೆಯವರು ಬೈಕಿನ ಚಾವಿ ಹುಡುಕಿದರು. ಚಾವಿಯನ್ನೂ ನಾನೇ ಪೂಜೆಯ ತಟ್ಟೆಯಲ್ಲಿ ಹೂವಿನ ರಾಶಿಯ ಕೆಳಗೆ ಇಟ್ಟಿದ್ದೆ. ಅದನ್ನು ಹೇಳಲೂ ನಿಲ್ಲಲಿಲ್ಲ. ನಾನು ಓಡಿದೆ.

ಓಣಿ ದಾಟಿ, ಕಾರ್ಖಾನೆಗಳ ಹಿಂದಿನ ಒಳದಾರಿ ಹಿಡಿದೆ. ಹಬ್ಬದ ದಿನವಾದ್ದರಿಂದ ಕಲ್ಲು ಕೊಯ್ಯುವ ಯಂತ್ರಗಳು ನಿಂತಿದ್ದವು. ಎಂದೂ ಇಲ್ಲದ ಮೌನ. ನನ್ನ ಉಸಿರು ನನಗೇ ಕೇಳುತ್ತಿತ್ತು. ಕಲ್ಲಿನ ಚೂರು ಅಂಗಾಲಿಗೆ ಚುಚ್ಚಿದಾಗಲೇ ಚಪ್ಪಲಿ ಹಾಕಿಲ್ಲವೆಂದು ಗೊತ್ತಾದದ್ದು. ತಾಯಿ ತಾಯಿ ಎನ್ನುತ್ತಿದ್ದೆ. ಏನು ಬೇಡಬೇಕೆಂದೇ ತಿಳಿಯದು. ನಿನ್ನೆ ಅದೇ ಗಾಲಿಗೆ ಆರತಿ ಎತ್ತಿ ಬೇಡಿದವಳು ಇವತ್ತು ಯಾವ ಬಾಯಿಂದ ಬೇಡಲಿ?

ಇಳಿಜಾರಿನ ಬುಡಕ್ಕೆ ಬಂದು ತಲೆ ಎತ್ತಿದೆ. ಮೇಲೆ, ಬಿಸಿಲಿಗೆ ಎದುರಾಗಿ, ಸೈಕಲ್ಲಿನ ಮೇಲೆ ಕೂತದ್ದು ನನ್ನ ಮಗಳು. ಒಂದು ಕಾಲು ನೆಲಕ್ಕೆ, ಒಂದು ಕಾಲು ಪೆಡಲ್ಲಿಗೆ.

ಕೂಗಿದೆ. ಕೂಗು ಹೊರಡಲಿಲ್ಲ. ಓಡಿ ಬಂದ ದಮ್ಮಿಗೆ ಗಂಟಲು ಒಣಗಿ ಹೋಗಿತ್ತು. ಎರಡೂ ಕೈ ಎತ್ತಿ ಬೀಸಿದೆ. ಅಷ್ಟರಲ್ಲಿ ಮೇಲೆ ಕಾಕಾ ಏನೋ ಹೇಳಿದರು, ಮಗಳು ಇಳಿದಳು. ಅವರದೊಂದು ನೇಮವಿತ್ತು. ಕಟ್ಟಿದವನು ಮೊದಲು ಇಳಿಯಬೇಕು, ಆಮೇಲೆ ಉಳಿದವರು. ಅವಳು ಇಳಿದ ಜಾಗದಲ್ಲಿ ಕಾಕಾ ಕೂತರು.

ಆಗ ನನಗೆ ಏನನ್ನಿಸಿತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮಗಳಲ್ಲ. ತಾಯಿ, ಮಗಳಲ್ಲ. ಎತ್ತಿದ ಕೈ ಒಂದು ಗಳಿಗೆ ಹಾಗೇ ನಿಂತಿತು... ಆ ಒಂದು ಗಳಿಗೆ ನಾನು ಬೀಸಲಿಲ್ಲ, ಕೂಗಲೂ ಇಲ್ಲ.

ಆಮೇಲೆ ಕೂಗು ಹೊರಟಿತು. "ಎಣ್ಣೀ! ಕಾಕಾ, ಎಣ್ಣೀ!" ಅವರು ಆಗಲೇ ಇಳಿಯುತ್ತಿದ್ದರು. ನನ್ನನ್ನು ನೋಡಿದರು. ನಾನು ಅವರ ಸೈಕಲ್ಲು ನೋಡಲೆಂದೇ ಓಡಿ ಬಂದಿದ್ದೇನೆ ಎಂದು ತಿಳಿದರೋ ಏನೋ, ನಗುತ್ತ ಹ್ಯಾಂಡಲ್ಲಿನಿಂದ ಬಲಗೈ ತೆಗೆದು ನನಗೆ ಬೀಸಿದರು. ಹ್ಯಾಂಡಲ್ಲಿಗೆ ನಾನು ಹಾಕಿದ ಚೆಂಡು ಹೂವಿನ ಮಾಲೆ ಹಾರಾಡುತ್ತಿತ್ತು.

ಬ್ರೇಕು ಹಿಡಿದದ್ದು ನನಗೆ ಕಂಡಿತು. ನಗು ಹೋದದ್ದೂ ಕಂಡಿತು. ಮತ್ತೆ ಹಿಡಿದರು, ಬಿಟ್ಟು ಮತ್ತೆ ಹಿಡಿದರು. ಸೈಕಲ್ಲು ನಿಲ್ಲಲಿಲ್ಲ, ಸದ್ದನ್ನೂ ಮಾಡಲಿಲ್ಲ. ಅಷ್ಟು ಸರಳವಾಗಿ, ನುಣ್ಣಗೆ ಇಳಿದು ಬಂತು. ತಿರುವಿನ ಹತ್ತಿರ ಒಂದು ಸಲ ಹೊಂಡದ ನೀರು ನೋಡಿದರು, ಒಂದು ಸಲ ಪಕ್ಕದ ಕಲ್ಲುಚೂರಿನ ಗುಡ್ಡೆ ನೋಡಿದರು. ಸೈಕಲ್ಲನ್ನು ಎತ್ತಿ ಗುಡ್ಡೆಯ ಕಡೆ ಒಗೆದ ಹಾಗೆ ತಿರುಗಿಸಿದರು. ಬೀಳುವಾಗ ಬಲಗೈ ಊರಿದರು.

ನಾನು ಹತ್ತಿರ ಹೋದಾಗ ಅವರು ಪಕ್ಕಕ್ಕೆ ಬಿದ್ದಿದ್ದರು. ಮುಂದಿನ ಗಾಲಿ ಅವರ ಮುಖದ ಹತ್ತಿರ ಇನ್ನೂ ತಿರುಗುತ್ತಿತ್ತು. ಬಿಸಿಲಿಗೆ ಕಾದ ಎಣ್ಣೆಯ ವಾಸನೆ... ಅವರು ಕಣ್ಣು ತೆರೆದು ಗಾಲಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ದವಾಖಾನೆಯಲ್ಲಿ ಓಣಿಯವರೆಲ್ಲ ಸೇರಿದರು. ಹೇಗಾಯಿತು ಎಂದು ಎಲ್ಲರೂ ಕೇಳುವವರೇ. ಕಾಕಾ ಮಲಗಿದಲ್ಲಿಂದಲೇ ಒಂದೇ ಮಾತು ಹೇಳಿದರು. "ಬ್ರೇಕಿನ ವಾಯರ್ ಬಿಗಿ ಮಾಡೂದು ಮರ್ತಿದ್ನಿ. ನಂದ ತಪ್ಪು." ಮಗಳು ಅಳುತ್ತ ನಿಂತಿದ್ದಳು. ನನ್ನ ಗಂಡ ನೆಲ ನೋಡುತ್ತಿದ್ದರು.

ಮಧ್ಯಾಹ್ನ ಕೈಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬರುವ ಹೊತ್ತಿಗೆ ಲಾಡ್ಜಿನವರು ಬಂದು ಕಟ್ಟೆಯ ಮೇಲೆ ಕಾದಿದ್ದರು. ಕೆಟ್ಟ ಮನುಷ್ಯರಲ್ಲ. ಕಾಕಾನ ಕೈ ನೋಡಿ ಮರುಗಿದರು, ಬನ್ನಿ ಎಲೆ ಕೊಟ್ಟರು. ಆಮೇಲೆ ಹೇಳಿದರು.

"ಕಾಕಾರ, ತಪ್ಪ ತಿಳೀಬ್ಯಾಡ್ರಿ. ಕಟ್ಟಿದವರಿಗೇ ಹಿಂಗಾತಂದ್ರ ಹೊರಗಿನ ಮಂದೀನ ಹ್ಯಾಂಗ ಹತ್ತಿಸಲಿ? ಬ್ರೇಕ್ ಬಿಗಿ ಮಾಡೂದ ಮರ್ತೀರಿ ಅಂದ್ರ... ಇದನ್ನೂ ನೀವ ಇಟಗೋರಿ. ಉಳಿದವು ಬ್ಯಾಡ."

ಕಾಕಾ ಹೌದೆಂದು ತಲೆಯಾಡಿಸಿದರು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಮೂರು ಹೆಜ್ಜೆ ದೂರ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಓಣಿಯ ಹೆಂಗಸರು ಸುತ್ತ ನಿಂತಿದ್ದರು. ಮರುವಾರ ಅವರಲ್ಲೊಬ್ಬಳ ಮಗಳಿಗೆ ನಾನೇ ಉಡಿ ತುಂಬಬೇಕಿತ್ತು. ಪೂಜೆ ಮಾಡಿದ ಕೈಯಿಂದಲೇ ಹೀಗಾಯಿತೆಂದರೆ ಇವರು ಏನೆಂದಾರು? ತಾಯಿಯ ಪೂಜೆಗೇ ಕೆಟ್ಟ ಹೆಸರು ತಂದ ಹಾಗಾದೀತು ಎಂದು ಮನಸ್ಸಿಗೆ ಒಂದು ನೆವ ಹೇಳಿಕೊಂಡೆ. ಮನೆಯವರು ಹಿಂದಿನಿಂದ ಮೆಲ್ಲಗೆ, "ಸುಮ್ನಿರು. ಈಗ ಹೇಳಿ ಏನಾಗೂದೈತಿ," ಎಂದರು. ನಾನು ಸುಮ್ಮನಿದ್ದೆ. ಲಾಡ್ಜಿನವರು ಹೋದರು. ಅಂದಿನಿಂದ ಓಣಿಯಲ್ಲಿ ಯಾರೂ ಮಕ್ಕಳ ಸೈಕಲ್ಲನ್ನು ಕಾಕಾನ ಹತ್ತಿರ ರಿಪೇರಿಗೆ ಒಯ್ಯಲಿಲ್ಲ. ನನ್ನ ಕೈಗುಣದ ಹೆಸರು ಉಳಿಯಿತು, ಅವರ ಕೈಕೆಲಸದ ಹೆಸರು ಹೋಯಿತು.

ಆ ಸಂಜೆ ದೀಪದ ಮುಂದೆ ಕೂತು ಬೆರಳು ಮಡಚಿದೆ. ಮಗಳು ಉಳಿದಳು, ಒಂದು. ಕಾಕಾ ಹೊಂಡಕ್ಕೆ ಬೀಳಲಿಲ್ಲ, ಎರಡು. ಮೂರನೇ ಬೆರಳು ಮಡಚಲು ಬರಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಕಾಕಾನ ಬಲಗೈಯ ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಕೂಡದಾದವು. ನಡುವೆ ಒಂದು ಕಾಳಿನಷ್ಟು ಸಂದಿ. ಕೊಂಡಿ ಹಾಕುವವನಿಗೆ ಆ ಸಂದಿ ಎಂದರೆ ಎಲ್ಲ ಮುಗಿದ ಹಾಗೆ. ಮಗ್ಗ ನಿಂತಿತು. ಬೆಳಗಿನ ಸದ್ದಿಲ್ಲದೆ ನನಗೆ ಒಲೆ ಹಚ್ಚುವ ಹೊತ್ತು ತಪ್ಪತೊಡಗಿತು. ನೇಕಾರರ ಮನೆಗಳಲ್ಲಿ ನೂಲು ಸುತ್ತಿ ಕೊಡುವ ಸಣ್ಣ ಕೆಲಸ ಮಾಡಿಕೊಂ‌ಡರು. ರೊಟ್ಟಿ ಈಗ ದಿನಾ ನಮ್ಮ ಮನೆಯಿಂದಲೇ.

ಮಗಳು ಧಾರವಾಡಕ್ಕೆ ಓದಲು ಹೋದಳು. ಒಂದು ದಿನ ರೊಟ್ಟಿ ಕೊಡಲು ಹೋದಾಗ ಕಾಕಾ ಆ ಕೆಂಪು ಸೈಕಲ್ಲಿನ ಸೊಟ್ಟಾದ ಗಾಲಿಯನ್ನು ಮುಂದಿಟ್ಟುಕೊಂಡು ಕೂತಿದ್ದರು. ತಂತಿ ಬಿಗಿಯುವ ಪುಟ್ಟ ಚಾವಿ ಬೆರಳ ಸಂದಿಯಿಂದ ಮತ್ತೆ ಮತ್ತೆ ಬೀಳುತ್ತಿತ್ತು. ನಾನು ತಟ್ಟೆ ಕೆಳಗಿಟ್ಟು ಚಾವಿ ಎತ್ತಿಕೊಂಡೆ.

"ಎಲ್ಲಿ ತಿರುವಲಿ ಹೇಳ್ರಿ."

ನನ್ನನ್ನೇ ನೋಡಿದರು. ಎಡಗೈಯಿಂದ ಒಂದು ತಂತಿ ಮೀಟಿದರು. "ಇದಕ್ಕ. ಕಾಲು ಸುತ್ತು ಬಲಕ್ಕ. ಸಾಕು... ಈಗ ಇದಕ್ಕ, ಎಡಕ್ಕ."

ಹೀಗೆ ಶುರುವಾಯಿತು. ಮಧ್ಯಾಹ್ನದ ಕೆಲಸ ಮುಗಿಸಿ ದಿನಾ ಒಂದು ತಾಸು ಹೋಗುತ್ತಿದ್ದೆ. ಕಿವಿ ಅವರದು, ಕೈ ನನ್ನದು. ಎಷ್ಟೋ ದಿನ ಹೇಳಬೇಕೆಂದು ಬಾಯಿ ತೆರೆದು ರೊಟ್ಟಿಯ ಮಾತಾಡಿ ಎದ್ದು ಬಂದಿದ್ದೇನೆ. ಕೊನೆಗೊಂದು ದಿನ, ಗಾಲಿಯ ಮೇಲೆ ಕಣ್ಣಿಟ್ಟುಕೊಂಡೇ ಅಂದೆ. "ಕಾಕಾ, ಅವತ್ತ ಗಾಲಿಗೆ ನಾ ಎಣ್ಣಿ ಹಚ್ಚಿದ್ನಿ."

"ಗೊತ್ತೈತವಾ."

"ಯಾವಾಗಿಂದ?"

"ಬಿದ್ದಾಗಿಂದ. ಗಾಲಿ ಮೂಗಿನ ಹತ್ರನ ಇತ್ತಲ್ಲ. ಎಣ್ಣಿ ಚಲೋದಿತ್ತು ಬಿಡು, ಶುದ್ಧ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

"ಮತ್ತ ಯಾಕ ಹೇಳಲಿಲ್ಲ ನೀವು?"

"ಹೇಳಿದ್ರ ಬೆರಳು ಕೂಡ್ತಿದ್ವೇನು? ನನ್ನ ಕೈಯಂತೂ ಹೋತು. ಓಣಿ ಹೆಣಮಕ್ಕಳು ನಿನ್ನ ಕೈ ಮ್ಯಾಲೆ ಎಷ್ಟ ನಂಬಿಕಿ ಇಟ್ಟಾರ. ಅದನ್ನೂ ಯಾಕ ಕೆಡಸಬೇಕು ಅಂದ್ನಿ."

ಮತ್ತೊಂದು ತಂತಿ ಮೀಟಿದರು. ಕಿವಿಗೊಟ್ಟು ಕೇಳಿದರು. ನಾನು ಅತ್ತದ್ದು ಅವರಿಗೆ ಕಂಡಿತೋ ಇಲ್ಲವೋ. ಆಮೇಲೆ ದನಿ ಏರಿಸದೆ ಹೇಳಿದರು.

"ಒಂದ ಮಾತು. ಲಾಡ್ಜಿನಾವ ಬಂದಾಗ ನೀ ಬಾಗಿಲದಾಗ ನಿಂತಿದ್ದಿ. ನಾ ನಿನ್ನ ಮಾರಿ ನೋಡಿದ್ನಿ. ಅವತ್ತೊಂದಿನ ನೀ ಹೇಳ್ತಿ ಅಂತ ಅನಕೊಂಡಿದ್ನಿ."

ನಾನು ಚಾವಿಯನ್ನು ಅವರು ಮೀಟಿದ ತಂತಿಗೆ ಸಿಕ್ಕಿಸಿದೆ.

"ಇರಲಿ. ಕಾಲು ಸುತ್ತು ಬಲಕ್ಕ," ಎಂದರು.

ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಗಾಲಿ ನೆಟ್ಟಗಾಯಿತು. ಸೈಕಲ್ಲನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿ, "ನಿನ್ನ ಮಗಳ ಮೊದಲ ಸವಾರಿ ಬಾಕಿ ಐತಿ," ಎಂದರು. ಅವಳು ರಜೆಗೆ ಬಂದಾಗಲೆಲ್ಲ ಹತ್ತಿ ಓಡಿಸಿದಳು. ಅವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಮತ್ತೆ ಬೇರೆ ಸೈಕಲ್ಲು ಕಟ್ಟಲಿಲ್ಲ. ಕೊರೋನಾದ ಎರಡನೇ ವರ್ಷ ಕಾಕಾ ಹೋದರು. ನಾಲ್ಕು ಜನರಿಗಿಂತ ಹೆಚ್ಚು ಬರಬಾರದೆಂದು ಇದ್ದ ದಿನಗಳು. ಗೋಡೆಯ ಈಚೆ ನಿಂತು ಕೈಮುಗಿದೆ. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಅವರ ರೊಟ್ಟಿ ಸೀಯುವುದಿಲ್ಲ.

ಚೆಲ್ಲಿದ ಎಣ್ಣೆಯನ್ನು ಒರೆಸುತ್ತ ಮಗಳಿಗೆ ಇದನ್ನೆಲ್ಲ ಹೇಳಿದೆ. ಮೊದಲ ಸಲ. ಇಷ್ಟು ವರ್ಷ ಅವಳೂ ಕಾಕಾ ಮರೆತಿದ್ದರೆಂದೇ ನಂಬಿದ್ದಳು. ಬ್ರೇಕು ಬಿಗಿ ಮಾಡುವಾಗ ತಾನು ಪಕ್ಕದಲ್ಲೇ ಇದ್ದು ನೋಡಿದ ನೆನಪಿದೆಯಲ್ಲ ಎಂದು ತನ್ನ ನೆನಪಿನ ಮೇಲೆಯೇ ಅನುಮಾನ ಪಟ್ಟಿದ್ದಳಂತೆ. ಎಲ್ಲ ಕೇಳಿ ಎದ್ದಳು. ಸೈಕಲ್ಲಿನ ಹಿಂದಿನ ಗಾಲಿಯನ್ನು ಎತ್ತಿ ತಿರುಗಿಸಿದಳು. ಒಂದು ಕಡೆ ಸಣ್ಣಗೆ ಜೋಲಾಡುತ್ತದೆ ಈಗ. ಯಾವ ತಂತಿ ಎಂದು ನನಗೂ ತಿಳಿಯುತ್ತಿಲ್ಲ, ಅವಳಿಗೂ ತಿಳಿಯುತ್ತಿಲ್ಲ. ನಮ್ಮಿಬ್ಬರಿಗೂ ಕೈ ಬಂತು, ಕಿವಿ ಬರಲಿಲ್ಲ.

"ಕಾಕಾನ ಮುಂದಂತೂ ಹೇಳಿದಿ, ಹೌದಿಲ್ಲೋ?" ಎಂದು ಕೇಳಿದಳು.

"ಹೇಳಿದ್ನಿ."

"ಮಂದಿ ಮುಂದ?"

ನಾನು ಕೊಡಲಿಯ ಮೇಲಿನ ಎಣ್ಣೆ ಒರೆಸುತ್ತಲೇ ಇದ್ದೆ. ಅವಳೂ ಮತ್ತೆ ಕೇಳಲಿಲ್ಲ. ಬನ್ನಿ ಕೊಡುವ ದಿನಕ್ಕೂ ನಿಲ್ಲದೆ, ಹುನಗುಂದದ ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದಳು.

ಅವಳು ಹೋದ ಮೇಲೆ ಇದನ್ನು ಬರೆಯಲು ಕೂತೆ. ನಮ್ಮ ಓಣಿಯವರು ಯಾರಾದರೂ ಓದಿದರೆ ಓದಲಿ. ಬಾದಾಮಿಯ ಆ ಲಾಡ್ಜಿನವರ ಕಣ್ಣಿಗೆ ಬಿದ್ದರೆ ಇನ್ನೂ ಒಳ್ಳೆಯದು. ನಾಳೆಯಿಂದ ಉಡಿ ತುಂಬಲು ನನ್ನನ್ನು ಕರೆಯದಿದ್ದರೆ ಅದೂ ಸರಿಯೇ. ಕಾಕಾ ಬ್ರೇಕಿನ ವಾಯರ್ ಬಿಗಿ ಮಾಡುವುದನ್ನು ಮರೆತಿರಲಿಲ್ಲ. ಅವರು ಕಟ್ಟಿದ ಸೈಕಲ್ಲಿನಲ್ಲಿ ಯಾವ ದೋಷವೂ ಇರಲಿಲ್ಲ. ಗಾಲಿಗೆ ಎಣ್ಣೆ ಹಚ್ಚಿದವಳು ನಾನು.